ಆರೋಗ್ಯವೃತ್ತಿಗಳ ಅರ್ಲಿ ಕಾಲೇಜು ಪ್ರೌಢಶಾಲೆಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ಶಿಕ್ಷಣದಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಬೆಳೆದುಬಂದ ಒಂದು ಶಾಲಾ ಮಾದರಿ. ಇಲ್ಲಿನ ವಿದ್ಯಾರ್ಥಿ ಪ್ರೌಢಶಾಲೆಯ ಪಾಠಗಳ ಜೊತೆಯಲ್ಲೇ ಕಾಲೇಜಿನ ಪಾಠಗಳನ್ನೂ ಓದುತ್ತಾನೆ. ಶಾಲೆ ಮುಗಿಯುವ ಹೊತ್ತಿಗೆ ಅವನ ಹೆಸರಿನಲ್ಲಿ ಒಂದೆರಡು ವರ್ಷಗಳಷ್ಟು ಕಾಲೇಜು ಕ್ರೆಡಿಟ್ ಜಮೆಯಾಗಿರುತ್ತದೆ. ಚುರುಕಾಗಿ ಓದಿದವರಿಗೆ ಸುಮಾರು 60 ಕ್ರೆಡಿಟ್‌ಗಳ, ಅಂದರೆ ಎರಡು ವರ್ಷಗಳ, ಅಸೋಸಿಯೇಟ್ ಪದವಿಯೇ ಸಿಗುತ್ತದೆ. ಬೋಧನಾ ಶುಲ್ಕವನ್ನು ವಿದ್ಯಾರ್ಥಿಯ ಮನೆಯವರು ಕಟ್ಟಬೇಕಾಗಿಲ್ಲ. ಇಂಥ ಶಾಲೆಗಳಲ್ಲಿ ಒಂದು ಗುಂಪು ನರ್ಸಿಂಗ್, ಪ್ರಯೋಗಾಲಯ, ಉಸಿರಾಟ ಚಿಕಿತ್ಸೆ, ಶಸ್ತ್ರಚಿಕಿತ್ಸಾ ತಂತ್ರಜ್ಞಾನ, ಔಷಧಾಲಯ, ಸಮುದಾಯ ಆರೋಗ್ಯ ಮೊದಲಾದ ವೃತ್ತಿಗಳಿಗೆ ಮಕ್ಕಳನ್ನು ಅಣಿಗೊಳಿಸುತ್ತದೆ. ಈ ಲೇಖನ ಆ ಗುಂಪನ್ನು ಕುರಿತದ್ದು.

ಅಮೆರಿಕದ ಪ್ರೌಢಶಾಲೆ ಎಂದರೆ 9ರಿಂದ 12ನೆಯ ತರಗತಿಯವರೆಗೆ, ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನ ಮಕ್ಕಳು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಬೇರೆಯೇ ಮೆಟ್ಟಿಲಾಗಿ ಬರುವ ಪಿಯುಸಿ ಅಲ್ಲಿ ಪ್ರೌಢಶಾಲೆಯೊಳಗೇ ಅಡಗಿದೆ. ಆದರೆ ಪಿಯುಸಿ ಮುಗಿಸಿ ನೇರವಾಗಿ ಎಂಬಿಬಿಎಸ್‌ಗೆ ಸೇರುವ ದಾರಿ ಅಲ್ಲಿಲ್ಲ. ಕೈಬೆರಳೆಣಿಕೆಯ ಸಂಯುಕ್ತ ಕೋರ್ಸುಗಳನ್ನು ಬಿಟ್ಟರೆ, ವೈದ್ಯನಾಗಬೇಕಾದವನು ಮೊದಲು ನಾಲ್ಕು ವರ್ಷಗಳ ಪದವಿ ಮುಗಿಸಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು, ಆಮೇಲಷ್ಟೇ ವೈದ್ಯಕೀಯ ಕಾಲೇಜು. ಹೀಗಾಗಿ ಪ್ರೌಢಶಾಲೆಯಿಂದ ಆಸ್ಪತ್ರೆಗೆ ಹತ್ತಿರದ ದಾರಿ ಹೋಗುವುದು ಎರಡು ವರ್ಷಗಳ ಕಮ್ಯುನಿಟಿ ಕಾಲೇಜಿನ ಮೂಲಕ. ಅರ್ಲಿ ಕಾಲೇಜು ಶಾಲೆ ತನ್ನ ಹೆಗಲು ಕೊಟ್ಟಿರುವುದೂ ಅಲ್ಲಿಗೇ.

ಬೇರುಗಳು

ಈ ಶಾಲೆಗಳಿಗೆ ಮೂರು ಕಡೆಯಿಂದ ನೀರು ಹರಿದು ಬಂದಿದೆ. ಮೊದಲನೆಯದು ನರ್ಸಿಂಗ್ ಶಿಕ್ಷಣ. 1952ರಲ್ಲಿ ಮಿಲ್ಡ್ರೆಡ್ ಮಾಂಟಾಗ್ ಎಂಬ ಶಿಕ್ಷಣತಜ್ಞೆಯ ಮುಂದಾಳತ್ವದಲ್ಲಿ ಎರಡು ವರ್ಷಗಳ ನರ್ಸಿಂಗ್ ಪದವಿಯ ಪ್ರಯೋಗ ಕಮ್ಯುನಿಟಿ ಕಾಲೇಜುಗಳಲ್ಲಿ ಆರಂಭವಾಯಿತು. ಅಲ್ಲಿಯವರೆಗೆ ಆಸ್ಪತ್ರೆಗಳೇ ನಡೆಸುತ್ತಿದ್ದ ಮೂರು ವರ್ಷಗಳ ಡಿಪ್ಲೊಮಾ ಕೋರ್ಸು ಹೆಚ್ಚು ಬಳಕೆಯಲ್ಲಿತ್ತು. ಅದರಲ್ಲಿ ವಿದ್ಯಾರ್ಥಿನಿಯರ ದುಡಿಮೆಯೇ ಆಸ್ಪತ್ರೆಯನ್ನು ನಡೆಸುತ್ತಿತ್ತು. ಮಾಂಟಾಗ್ ತರಬೇತಿಯನ್ನು ಕಾಲೇಜಿಗೆ ತಂದರು. ನರ್ಸಿಂಗ್ ವಿದ್ಯಾರ್ಥಿನಿ ವಾರ್ಡಿನ ಆಳಾಗುವ ಮೊದಲು ವಿದ್ಯಾರ್ಥಿನಿ ಎಂಬ ಮಾತಿಗೆ ಬೆಲೆ ಬಂದದ್ದು ಹೀಗೆ. ಇಂದಿನ ಆರೋಗ್ಯ ಪ್ರೌಢಶಾಲೆಗಳು ಈ ಮಾತನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿವೆ ಎಂಬುದು ಅವುಗಳನ್ನು ಅಳೆಯಲು ಒಳ್ಳೆಯ ಒರೆಗಲ್ಲು.

ಎರಡನೆಯದು ಆರೋಗ್ಯವೃತ್ತಿಯ ವಿಶೇಷ ಶಾಲೆಗಳು. ಟೆಕ್ಸಾಸಿನ ಹ್ಯೂಸ್ಟನ್ ನಗರದ ಶಾಲಾ ಆಡಳಿತವೂ ಬೇಲರ್ ವೈದ್ಯಕೀಯ ಕಾಲೇಜೂ ಸೇರಿ 1972ರಲ್ಲಿ ಆರಂಭಿಸಿದ ಶಾಲೆ ಇವುಗಳಲ್ಲಿ ಹಿರಿಯವುಗಳಲ್ಲೊಂದು. ಹೃದಯ ಶಸ್ತ್ರಚಿಕಿತ್ಸಕ ಮೈಕೆಲ್ ಡಿಬೇಕಿ ಅವರ ಹೆಸರನ್ನು ಆಮೇಲೆ ಅದಕ್ಕೆ ಇಡಲಾಯಿತು. ಮೆಕ್ಸಿಕೊ ಗಡಿಯ ಬಳಿ, ರಿಯೊ ಗ್ರಾಂಡೆ ಕಣಿವೆಯ ಮರ್ಸೆಡೀಸ್ ಎಂಬ ಊರಿನಲ್ಲಿ 1984ರಲ್ಲಿ ಇನ್ನೊಂದು ಆರೋಗ್ಯ ಪ್ರೌಢಶಾಲೆ ಹುಟ್ಟಿತು. ಅಲ್ಲಿನ ಜನ ಪ್ರೀತಿಯಿಂದ ಅದನ್ನು ‘ಮೆಡ್ ಹೈ’ ಎನ್ನುತ್ತಾರೆ. ಇವು ಅರ್ಲಿ ಕಾಲೇಜುಗಳಾಗಿ ಹುಟ್ಟಿದವಲ್ಲ. ಆದರೆ ಹದಿನಾರು ವರ್ಷದ ಹುಡುಗಿಯನ್ನು ಆಸ್ಪತ್ರೆಯ ಬಾಗಿಲೊಳಗೆ ಬಿಟ್ಟುಕೊಂಡರೆ ಅವಳು ಅಲ್ಲಿ ಕಲಿಯಬಲ್ಲಳು ಎಂಬುದನ್ನು ತೋರಿಸಿಕೊಟ್ಟವು.

ಮೂರನೆಯದೂ ಮುಖ್ಯವಾದದ್ದೂ ಅರ್ಲಿ ಕಾಲೇಜು ಎಂಬ ವಿಚಾರ. ಎಲಿಜಬೆತ್ ಬ್ಲಾಜೆಟ್ ಹಾಲ್ 1964ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್‌ನಲ್ಲಿ ಸ್ಥಾಪಿಸಿದ ಸೈಮನ್ಸ್ ರಾಕ್, ಹದಿನಾರರ ಹರೆಯದವರಿಗೆ ಕಾಲೇಜು ಪಾಠ ಹೇಳಲೆಂದೇ ಹುಟ್ಟಿದ ಸಂಸ್ಥೆ. ಆದರೆ ಅದು ಖಾಸಗಿಯಾಗಿತ್ತು, ಓದಿನಲ್ಲಿ ಮುಂದಿದ್ದ ಮಕ್ಕಳಿಗಾಗಿತ್ತು. ಈ ವಿಚಾರವನ್ನು ತಲೆಕೆಳಗು ಮಾಡಿದವರು ನ್ಯೂಯಾರ್ಕಿನ ಜಾನೆಟ್ ಲೀಬರ್‌ಮನ್. ಶಾಲೆ ಬಿಟ್ಟುಬಿಡುವ ಅಂಚಿನಲ್ಲಿದ್ದ ಮಕ್ಕಳನ್ನೇ ಕಾಲೇಜಿನ ಆವರಣಕ್ಕೆ ಕರೆತಂದರೆ ಹೇಗೆ ಎಂದು ಯೋಚಿಸಿದ ಅವರು, 1974ರಲ್ಲಿ ಕ್ವೀನ್ಸ್‌ನ ಲಗಾರ್ಡಿಯ ಕಮ್ಯುನಿಟಿ ಕಾಲೇಜಿನೊಳಗೆ ಮಿಡ್ಲ್ ಕಾಲೇಜ್ ಪ್ರೌಢಶಾಲೆಯನ್ನು ತೆರೆದರು. ತಮಗಿಂತ ನಾಲ್ಕೈದು ವರ್ಷ ದೊಡ್ಡವರು ಪುಸ್ತಕ ಹಿಡಿದು ಓಡಾಡುವ ಜಾಗದಲ್ಲಿ ಕೂತ ಮಕ್ಕಳು ಆ ದೊಡ್ಡವರಂತೆಯೇ ನಡೆದುಕೊಳ್ಳಲು ಕಲಿಯುತ್ತಾರೆ ಎಂಬುದು ಅವರ ನಂಬಿಕೆ. ಹಿಂದುಳಿದವನಿಗೆ ಇನ್ನಷ್ಟು ಸುಲಭದ ಪಾಠ ಕೊಡುವುದು ಶಾಲೆಗಳ ಹಳೆಯ ಚಾಳಿ. ಲೀಬರ್‌ಮನ್ ಅವನಿಗೆ ಕಷ್ಟದ ಪಾಠವನ್ನೂ ಅದಕ್ಕೆ ತಕ್ಕ ಆಸರೆಯನ್ನೂ ಒಟ್ಟಿಗೆ ಕೊಟ್ಟರು. ಅರ್ಲಿ ಕಾಲೇಜಿನ ಜೀವ ಇರುವುದು ಇಲ್ಲಿ, ಬೇಗ ಓದಿ ಮುಗಿಸುವುದರಲ್ಲಲ್ಲ.

2002ರಲ್ಲಿ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ, ಕಾರ್ನೆಗಿ, ಫೋರ್ಡ್, ಕೆಲಾಗ್ ಪ್ರತಿಷ್ಠಾನಗಳ ಜೊತೆಗೂಡಿ ದೇಶವ್ಯಾಪಿ ಅರ್ಲಿ ಕಾಲೇಜು ಯೋಜನೆಗೆ ಹಣ ಕೊಟ್ಟಿತು. ಬಾಸ್ಟನ್ನಿನ ಜಾಬ್ಸ್ ಫಾರ್ ದಿ ಫ್ಯೂಚರ್ ಸಂಸ್ಥೆ ಅದನ್ನು ನಡೆಸಿಕೊಟ್ಟಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಶಾಲೆಗಳು ಹುಟ್ಟಿಕೊಂಡವು. ಉತ್ತರ ಕೆರೊಲಿನಾ 2003ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು, ಮರುವರ್ಷ ರಾಜ್ಯಪಾಲ ಮೈಕ್ ಈಸ್ಲಿ ‘ಲರ್ನ್ ಅಂಡ್ ಅರ್ನ್’ ಯೋಜನೆಯನ್ನು ಆರಂಭಿಸಿದರು. ಇಂದು ಆ ಒಂದು ರಾಜ್ಯದಲ್ಲೇ ಕಾಲೇಜುಗಳ ಜೊತೆ ಕೂಡಿ ನಡೆಯುವ ಇಂಥ ಶಾಲೆಗಳು 130ಕ್ಕಿಂತ ಹೆಚ್ಚಿವೆ. ಟೆಕ್ಸಾಸ್ ಸರ್ಕಾರ ಅರ್ಲಿ ಕಾಲೇಜು ಎಂಬ ಮಾನ್ಯತೆಯನ್ನೇ ಕೊಡಲು ಶುರುಮಾಡಿತು. 2011ರಲ್ಲಿ ಐಬಿಎಂ ಕಂಪನಿ ನ್ಯೂಯಾರ್ಕ್ ನಗರದ ಜೊತೆಗೂಡಿ ಬ್ರೂಕ್ಲಿನ್‌ನಲ್ಲಿ ಪಿ-ಟೆಕ್ ಎಂಬ ಆರು ವರ್ಷಗಳ ಶಾಲೆಯನ್ನು ತೆರೆದಾಗ ಮೂರನೆಯ ಪಾಲುದಾರನಾಗಿ ಉದ್ಯೋಗದಾತ ಬಂದು ಕೂತ. ಆಸ್ಪತ್ರೆಗಳು ಈ ಮೂರನೆಯ ಕುರ್ಚಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಶಾಲೆಯೊಳಗೆ

ಮೇಲುನೋಟಕ್ಕೆ ಈ ಶಾಲೆಗಳು ಚಿಕ್ಕವು. ಒಂದು ತರಗತಿಗೆ ನೂರು ಮಕ್ಕಳು ಎಂಬ ಲೆಕ್ಕದಲ್ಲಿ ನಾನೂರರ ಆಸುಪಾಸು. ಪ್ರವೇಶಕ್ಕೆ ಅಂಕಗಳ ಪೈಪೋಟಿಗಿಂತ ಲಾಟರಿಯೇ ಹೆಚ್ಚು. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದಿದ್ದವರು, ಬಡವರು, ಕಪ್ಪು ಹಾಗೂ ಲ್ಯಾಟಿನೊ ಸಮುದಾಯದವರು, ಮನೆಮಾತು ಇಂಗ್ಲಿಷ್ ಅಲ್ಲದವರು ಇವರನ್ನೇ ಹುಡುಕಿ ಕರೆಯಬೇಕೆಂಬುದು ಮೂಲ ಆಶಯ.

ಓದಿನ ಏರ್ಪಾಡು ಊರಿಂದೂರಿಗೆ ಬೇರೆಯಾದರೂ ಹೆಚ್ಚಿನ ಕಡೆ ಒಂದೇ ಜಾಡು ಕಾಣುತ್ತದೆ. 9ನೆಯ ತರಗತಿಗೆ ಮುಂಚಿನ ಬೇಸಿಗೆಯಲ್ಲಿ ಕೆಲವು ವಾರಗಳ ಸೇತುಬಂಧ ಶಿಬಿರ. ಮೊದಲ ವರ್ಷ ಓದುವ ಕ್ರಮ, ಸಮಯ ಹೊಂದಿಸುವ ಕ್ರಮ ಕಲಿಸುವ ಹಗುರ ಕಾಲೇಜು ಪಾಠವೊಂದು. ಅದರ ಬೆನ್ನಿಗೇ ವೈದ್ಯಕೀಯ ಪರಿಭಾಷೆ. 10ನೆಯ ತರಗತಿಯಲ್ಲಿ ಮನೋವಿಜ್ಞಾನ, ಇಂಗ್ಲಿಷ್ ಪ್ರಬಂಧ ರಚನೆ. ಟೆಕ್ಸಾಸಿನಲ್ಲಾದರೆ ಅದಕ್ಕೂ ಮೊದಲು ಕಾಲೇಜು ಮಟ್ಟದ ಓದು, ಬರಹ, ಗಣಿತಕ್ಕೆ ಸಿದ್ಧವೇ ಎಂದು ನೋಡುವ ರಾಜ್ಯದ ಪರೀಕ್ಷೆಯೊಂದನ್ನು ದಾಟಬೇಕು. ನಿಜವಾದ ಹೆಬ್ಬಾಗಿಲು ಬರುವುದು 11ನೆಯ ತರಗತಿಯಲ್ಲಿ. ಅಂಗರಚನೆ ಮತ್ತು ಶರೀರಕ್ರಿಯೆ ಎಂಬ ಆ ಪಾಠ ಎರಡು ಸೆಮಿಸ್ಟರ್ ನಡೆಯುತ್ತದೆ, ಪ್ರಯೋಗಾಲಯ ಸೇರಿ ಸಾಮಾನ್ಯವಾಗಿ ಒಂದೊಂದಕ್ಕೆ ನಾಲ್ಕು ಕ್ರೆಡಿಟ್. ನರ್ಸಿಂಗ್ ಇರಲಿ, ಎಕ್ಸ್‌ರೇ ಇರಲಿ, ಫಿಸಿಯೊಥೆರಪಿ ಸಹಾಯಕನ ಕೋರ್ಸಿರಲಿ, ಎಲ್ಲದಕ್ಕೂ ಈ ಪಾಠದ ಅಂಕ ಬೇಕು. ಕಮ್ಯುನಿಟಿ ಕಾಲೇಜಿಗೆ ನೇರವಾಗಿ ಬಂದ ದೊಡ್ಡವರಲ್ಲೂ ಅನೇಕರು ಎಡವುವುದು ಇಲ್ಲೇ. ಎಲುಬು, ಸ್ನಾಯು, ನರಗಳ ನೂರಾರು ಲ್ಯಾಟಿನ್ ಹೆಸರು, ಮೂತ್ರಪಿಂಡದ ಸೋಸುವಿಕೆ, ಹೃದಯದ ವಿದ್ಯುತ್ ಸಂಚಾರ ಇವನ್ನೆಲ್ಲ ಹದಿನಾರರ ಹುಡುಗ ಹಿಡಿಯಬೇಕಾದರೆ ಪಾಠದ ಹೊರಗೆ ಕೂತು ಹೇಳಿಕೊಡುವವರು ಬೇಕು. ಒಳ್ಳೆಯ ಶಾಲೆಗಳು ವೇಳಾಪಟ್ಟಿಯಲ್ಲೇ ಇದಕ್ಕೆ ಒಂದು ಪೀರಿಯಡ್ ಮೀಸಲಿಡುತ್ತವೆ. ಕಾಲೇಜು ಪ್ರಾಧ್ಯಾಪಕ ಬೆಳಿಗ್ಗೆ ಹೇಳಿದ್ದನ್ನು ಪ್ರೌಢಶಾಲೆಯ ಶಿಕ್ಷಕಿ ಮಧ್ಯಾಹ್ನ ಮತ್ತೆ ಬಿಡಿಸಿ ಹೇಳುತ್ತಾಳೆ. ಈ ಪೀರಿಯಡ್ಡನ್ನು ಖರ್ಚು ಉಳಿಸಲೆಂದು ಕಿತ್ತುಹಾಕಿದ ಶಾಲೆಯ ಬೋರ್ಡಿನ ಮೇಲೆ ಅರ್ಲಿ ಕಾಲೇಜು ಎಂದು ಬರೆದಿದ್ದರೂ ಒಳಗೆ ಉಳಿಯುವುದು ಬರೀ ಅವಸರ.

ಕೈಗೆ ಸಿಗುವ ಮೊದಲ ವೃತ್ತಿ ಪ್ರಮಾಣಪತ್ರ ಸಾಮಾನ್ಯವಾಗಿ ನರ್ಸಿಂಗ್ ಅಸಿಸ್ಟೆಂಟ್‌ನದು. ವೃದ್ಧಾಶ್ರಮ ಮಾದರಿಯ ನರ್ಸಿಂಗ್ ಹೋಂಗಳಲ್ಲಿ ಕೆಲಸ ಮಾಡುವ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಮತ್ತು ಪರೀಕ್ಷೆ ಇರಲೇಬೇಕೆಂಬ ನಿಯಮ 1987ರ ಫೆಡರಲ್ ಕಾನೂನಿನಿಂದ ಬಂದದ್ದು. ವೃದ್ಧರನ್ನು ಅಲ್ಲಿ ಹೇಗೆಂದರೆ ಹಾಗೆ ನೋಡಿಕೊಳ್ಳುತ್ತಿದ್ದರೆಂಬ ದೂರುಗಳ ಹಿನ್ನೆಲೆ ಆ ಕಾನೂನಿಗಿದೆ. ರಾಜ್ಯಗಳು ಇದಕ್ಕಿಂತ ಹೆಚ್ಚು ಕೇಳಬಹುದು. ಟೆಕ್ಸಾಸ್ 100 ಗಂಟೆ ಕೇಳುತ್ತದೆ, ಕ್ಯಾಲಿಫೋರ್ನಿಯಾ 160. ರೋಗಿಯನ್ನು ಮುಟ್ಟುವ ಮುನ್ನ ಸೋಂಕು ತಡೆ, ಸುರಕ್ಷತೆ, ಮಾತನಾಡುವ ರೀತಿ, ರೋಗಿಯ ಹಕ್ಕುಗಳ ಬಗ್ಗೆ 16 ಗಂಟೆ ಪಾಠ ಆಗಿರಬೇಕು.

ಈ ತರಬೇತಿಯ ಕೋಣೆಯನ್ನು ಹತ್ತಿರದಿಂದ ನೋಡಿದರೆ ಶಾಲೆ ಏನನ್ನು ಕಲಿಸುತ್ತಿದೆ ಎಂಬುದು ತಿಳಿಯುತ್ತದೆ. ಆಸ್ಪತ್ರೆಯ ಮಂಚಗಳು, ಅವುಗಳ ಮೇಲೆ ರಬ್ಬರ್ ಚರ್ಮದ ಗೊಂಬೆ ರೋಗಿಗಳು, ಪರದೆ, ಗಾಲಿಕುರ್ಚಿ, ಗೋಡೆಗೆ ಕೈತೊಳೆಯುವ ತೊಟ್ಟಿ. ಹಲವು ರಾಜ್ಯಗಳು ಬಳಸುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಐದು ಕೌಶಲಗಳನ್ನು ಮಾಡಿ ತೋರಿಸಬೇಕು. ಯಾವ ನಾಲ್ಕು ಬರುತ್ತವೆ ಎಂದು ಮೊದಲೇ ಹೇಳಲಾಗದು, ಐದನೆಯದು ಮಾತ್ರ ಎಲ್ಲರಿಗೂ ಗೊತ್ತು: ಕೈ ತೊಳೆಯುವುದು. ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಪರೀಕ್ಷಕಿಯ ಎಣಿಕೆಗೂ ವಿದ್ಯಾರ್ಥಿಯ ಎಣಿಕೆಗೂ ನಾಲ್ಕು ಬಡಿತಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೂತ್ರದ ಅಳತೆ 25 ಮಿಲಿಲೀಟರಿನೊಳಗೆ ಸರಿಹೊಂದಬೇಕು. ರೋಗಿಗೆ ತಾನು ಯಾರು, ಏನು ಮಾಡಲಿದ್ದೇನೆ ಎಂದು ಮುಖ ನೋಡಿ ಹೇಳಬೇಕು. ಮೈ ಒರೆಸುವಾಗ ಪರದೆ ಎಳೆಯಬೇಕು. ಕೊನೆಗೆ, ಕರೆಗಂಟೆಯ ಗುಂಡಿ ರೋಗಿಯ ಕೈಗೆ ಎಟಕುವಂತಿದೆಯೇ ಎಂದು ನೋಡಿಯೇ ಹೊರಡಬೇಕು. ಗುಂಡಿ ದೂರ ಉಳಿದರೆ ಅದೂ ಒಂದು ತಪ್ಪೇ. ಸೂಕ್ಷ್ಮವಾಗಿ ನೋಡಿದರೆ ಈ ಪರೀಕ್ಷೆಯ ಹಲವು ಅಂಶಗಳು ಇನ್ನೊಬ್ಬರ ಮಾನವನ್ನು ಕಾಯುವುದಕ್ಕೆ ಸಂಬಂಧಿಸಿದವು. ಹದಿನೇಳರ ವಯಸ್ಸಿನಲ್ಲಿ ಇದನ್ನು ಶಿಸ್ತಿನಿಂದ ಕಲಿಸುವ ಪಠ್ಯ ಸಾಮಾನ್ಯ ಶಾಲೆಗಳಲ್ಲಿ ಅಪರೂಪ.

ಮುಂದಿನದು ವಾರ್ಡಿನ ಅನುಭವ. ಅಲ್ಲಿಗೆ ಹೋಗುವ ಮೊದಲು ಲಸಿಕೆಗಳ ದಾಖಲೆ, ಕ್ಷಯದ ಪರೀಕ್ಷೆ, ಹಿನ್ನೆಲೆ ತಪಾಸಣೆ, ಹೃದಯ ನಿಂತಾಗ ಎದೆಯೊತ್ತಿ ಜೀವ ಉಳಿಸುವ ತರಬೇತಿಯ ಕಾರ್ಡು ಎಲ್ಲವೂ ಬೇಕು. ರೋಗಿಯ ಗುಟ್ಟು ಕಾಯುವ 1996ರ ಹಿಪಾ ಕಾನೂನಿನ ಪಾಠವೂ ಆಗಿರಬೇಕು. ಮೊಬೈಲಿನಲ್ಲಿ ದಿನವಿಡೀ ಚಿತ್ರ ಹಂಚಿಕೊಳ್ಳುವ ವಯಸ್ಸಿನವರಿಗೆ ಆ ಕಾನೂನಿನ ತೂಕವನ್ನು ಮನದಟ್ಟು ಮಾಡುವುದು ಶಿಕ್ಷಕಿಯರ ದೊಡ್ಡ ಕೆಲಸ. ವಯಸ್ಸಿನ ನಿರ್ಬಂಧಗಳೂ ಇವೆ. ವಿಕಿರಣಕ್ಕೆ ಒಡ್ಡಿಕೊಳ್ಳುವ ಕೆಲಸಕ್ಕೆ 18 ತುಂಬದವರನ್ನು ಹಚ್ಚುವಂತಿಲ್ಲ. ರೋಗಿಯನ್ನು ಎತ್ತುವ ವಿದ್ಯುತ್ ಯಂತ್ರವನ್ನು ಹದಿನಾರು ಹದಿನೇಳರವರು ಒಬ್ಬರೇ ನಡೆಸುವಂತಿಲ್ಲ, ತರಬೇತಿ ಪಡೆದ ವಯಸ್ಕರ ಜೊತೆ ಕೈಜೋಡಿಸಬಹುದಷ್ಟೇ.

ಕೆಲವು ಶಾಲೆಗಳು

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 2013ರಲ್ಲಿ ತೆರೆದ ‘ಹೀರೊ ಹೈ’ ಪಿ-ಟೆಕ್ ಮಾದರಿಯನ್ನು ಆರೋಗ್ಯಕ್ಕೆ ಹೊಂದಿಸಿದ ಶಾಲೆ. ಹೋಸ್ಟೋಸ್ ಕಮ್ಯುನಿಟಿ ಕಾಲೇಜು ಮತ್ತು ಮಾಂಟಿಫಿಯೋರ್ ಆಸ್ಪತ್ರೆ ಸಮೂಹ ಅದರ ಜೊತೆಗಾರರು. 9ರಿಂದ 14ರವರೆಗೆ, ಅಂದರೆ ಆರು ವರ್ಷಗಳ ಓದು. ನರ್ಸಿಂಗ್ ಇಲ್ಲವೇ ಸಮುದಾಯ ಆರೋಗ್ಯದಲ್ಲಿ ಅಸೋಸಿಯೇಟ್ ಪದವಿ ಗುರಿ. ಬ್ರಾಂಕ್ಸ್ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಸೂಚ್ಯಂಕಗಳಲ್ಲಿ ಹಲವು ವರ್ಷ ತಳದಲ್ಲೇ ಇದ್ದ ಜಿಲ್ಲೆ, ಆಸ್ತಮಾ ಮತ್ತು ಸಕ್ಕರೆ ಕಾಯಿಲೆ ಮನೆಮನೆಯ ಮಾತು. ಅಲ್ಲಿನ ಮಕ್ಕಳೇ ಅಲ್ಲಿನ ಆಸ್ಪತ್ರೆಗೆ ಕೆಲಸಗಾರರಾಗಿ ಬಂದರೆ ರೋಗಿಗೆ ಅರ್ಥವಾಗುವ ಸ್ಪ್ಯಾನಿಷ್‌ನಲ್ಲಿ ಮಾತಾಡುವವರು ಸಿಗುತ್ತಾರೆ ಎಂಬ ಲೆಕ್ಕ ಸರಿಯಾದದ್ದೇ.

ಮಿಷಿಗನ್ನಿನ ಡಿಯರ್‌ಬಾರ್ನ್‌ನಲ್ಲಿ 2007ರಲ್ಲಿ ಆರಂಭವಾದ ಹೆನ್ರಿ ಫೋರ್ಡ್ ಅರ್ಲಿ ಕಾಲೇಜು ಇನ್ನೊಂದು ಉಪಾಯ ಹೂಡಿತು. ಊರಿನ ಶಾಲಾ ಆಡಳಿತ, ಕಮ್ಯುನಿಟಿ ಕಾಲೇಜು, ಹೆನ್ರಿ ಫೋರ್ಡ್ ಆಸ್ಪತ್ರೆ ಸಮೂಹ ಮೂರೂ ಸೇರಿ ನಡೆಸುವ ಅಲ್ಲಿ ಓದು ಐದು ವರ್ಷ. ವಿದ್ಯಾರ್ಥಿ ಪ್ರೌಢಶಾಲೆಯ ಪ್ರಮಾಣಪತ್ರವನ್ನು ಐದನೆಯ ವರ್ಷದ ಕೊನೆಗೆ ಪಡೆಯುವುದರಿಂದ ಅಲ್ಲಿಯವರೆಗೆ ರಾಜ್ಯ ಸರ್ಕಾರ ತಲೆಗಿಷ್ಟು ಎಂದು ಕೊಡುವ ಶಾಲಾ ಹಣ ಬರುತ್ತಲೇ ಇರುತ್ತದೆ, ಕಾಲೇಜು ಶುಲ್ಕ ಅದರಿಂದಲೇ ಸಂದಾಯವಾಗುತ್ತದೆ. ಪ್ರಯೋಗಾಲಯ ಮತ್ತು ವಾರ್ಡಿನ ಗಂಟೆಗಳು ಜಾಸ್ತಿಯಿರುವ ಆರೋಗ್ಯದ ಕೋರ್ಸುಗಳನ್ನು ನಾಲ್ಕೇ ವರ್ಷದಲ್ಲಿ ತುರುಕುವುದಕ್ಕಿಂತ ಈ ಐದನೆಯ ವರ್ಷ ಎಷ್ಟೋ ಮೇಲು. ಎಲ್ಲ ರಾಜ್ಯಗಳೂ ಇದನ್ನು ಅನುಸರಿಸಬೇಕಿತ್ತು.

ಸ್ಯಾನ್ ಡಿಯೇಗೊ ನಗರದಲ್ಲಿ ಶಿಕ್ಷಣ ಪ್ರಾಧ್ಯಾಪಕರಾದ ಡಗ್ಲಸ್ ಫಿಶರ್, ನ್ಯಾನ್ಸಿ ಫ್ರೇ ಮೊದಲಾದವರು 2007ರಲ್ಲಿ ಸ್ಥಾಪಿಸಿದ ಹೆಲ್ತ್ ಸೈನ್ಸಸ್ ಹೈ ಅಂಡ್ ಮಿಡ್ಲ್ ಕಾಲೇಜು ಶಾಲೆಯಲ್ಲಿ ಮಕ್ಕಳಿಗೆ ಆಸ್ಪತ್ರೆಯ ಇಂಟರ್ನ್‌ಶಿಪ್ ಓದಿನ ಭಾಗವೇ ಆಗಿದೆ. ಬಾಲ್ಟಿಮೋರಿನ ಹಳೆಯ ಹೆಸರಾಂತ ಶಾಲೆ ಡನ್‌ಬಾರ್, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ನೆರೆಯಲ್ಲೇ ಇದೆ. ಅಲ್ಲಿ 2016ರಿಂದ ಪಿ-ಟೆಕ್ ಶಾಖೆ ಆರಂಭವಾಗಿ ಉಸಿರಾಟ ಚಿಕಿತ್ಸೆ, ಶಸ್ತ್ರಚಿಕಿತ್ಸಾ ತಂತ್ರಜ್ಞಾನ, ಆರೋಗ್ಯ ಮಾಹಿತಿ ತಂತ್ರಜ್ಞಾನದ ಕಡೆಗೆ ದಾರಿ ತೆರೆಯಿತು. ಉತ್ತರ ಕೆರೊಲಿನಾದ ಡರ್ಹಮ್ ತನ್ನನ್ನು ವೈದ್ಯನಗರಿ ಎಂದು ಕರೆದುಕೊಳ್ಳುವ ಊರು, ಅಲ್ಲಿನ ಸಿಟಿ ಆಫ್ ಮೆಡಿಸಿನ್ ಅಕಾಡೆಮಿಗೆ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಗಳ ಬೆಂಬಲವಿದೆ.

2024ರ ಜನವರಿಯಲ್ಲಿ ಬ್ಲೂಮ್‌ಬರ್ಗ್ ದತ್ತಿಸಂಸ್ಥೆ 25 ಕೋಟಿ ಡಾಲರುಗಳ ಯೋಜನೆ ಪ್ರಕಟಿಸಿದ ಮೇಲೆ ಈ ಕ್ಷೇತ್ರದ ಚಹರೆಯೇ ಬದಲಾಗುತ್ತಿದೆ. ಹತ್ತು ಕಡೆ ಆಸ್ಪತ್ರೆ ಸಮೂಹವನ್ನೂ ಸಾರ್ವಜನಿಕ ಶಾಲೆಯನ್ನೂ ಜೋಡಿಸಿ, ಎಲ್ಲವೂ ಪೂರ್ಣ ಪ್ರಮಾಣಕ್ಕೆ ಬಂದಾಗ ಸುಮಾರು 6,000 ಮಕ್ಕಳು ಓದುವಂತೆ ಮಾಡುವುದು ಉದ್ದೇಶ. ಬಾಸ್ಟನ್ನಿನಲ್ಲಿ 1995ರಿಂದ ನಡೆದುಬಂದ, ಈಗ ಎಡ್ವರ್ಡ್ ಕೆನಡಿ ಅವರ ಹೆಸರು ಹೊತ್ತ ಆರೋಗ್ಯವೃತ್ತಿ ಅಕಾಡೆಮಿ 400 ಮಕ್ಕಳಿಂದ 800ಕ್ಕೆ ಬೆಳೆಯಲಿದೆ, ಅದರ ಜೊತೆಗಾರ ಮಾಸ್ ಜನರಲ್ ಬ್ರಿಗಮ್ ಆಸ್ಪತ್ರೆ ಸಮೂಹ. ಹ್ಯೂಸ್ಟನ್ನಿನ ಆಲ್ಡೀನ್ ಶಾಲಾ ಜಿಲ್ಲೆ ಮೆಮೊರಿಯಲ್ ಹರ್ಮನ್ ಆಸ್ಪತ್ರೆ ಸಮೂಹದ ಜೊತೆ, ಕ್ವೀನ್ಸ್‌ನ ಶಾಲೆ ನಾರ್ತ್‌ವೆಲ್ ಸಮೂಹದ ಜೊತೆ, ಡರ್ಹಮ್ ಡ್ಯೂಕ್ ಜೊತೆ, ಷಾರ್ಲಟ್ ನಗರ ಏಟ್ರಿಯಂ ಸಮೂಹದ ಜೊತೆ ಕೈಕೂಡಿಸಿವೆ. ಈ ಪಟ್ಟಿಯಲ್ಲಿ ಗಮನ ಹಿಡಿಯುವ ಹೆಸರು ಅಲಬಾಮದ ಡೆಮೊಪೊಲಿಸ್. ಏಳು ಸಾವಿರದಷ್ಟು ಜನಸಂಖ್ಯೆಯ ಈ ಊರು ‘ಬ್ಲ್ಯಾಕ್ ಬೆಲ್ಟ್’ ಎಂದು ಕರೆಯುವ ಕರಿಮಣ್ಣಿನ, ಬಡತನದ ಪಟ್ಟಿಯಲ್ಲಿದೆ. ಅಲ್ಲಿ ರಾಜ್ಯದೆಲ್ಲೆಡೆಯ ಮಕ್ಕಳು ಬಂದು ಉಳಿದು ಓದುವಂಥ ವಸತಿಶಾಲೆಯನ್ನು ರಾಜ್ಯ ಸರ್ಕಾರ ಯೋಜಿಸಿದೆ. ನರ್ಸುಗಳು ಸಿಗದ, ಹಳ್ಳಿ ಆಸ್ಪತ್ರೆಗಳು ಬಾಗಿಲು ಹಾಕುವ ಪ್ರದೇಶದಲ್ಲಿ ಇಂಥ ಶಾಲೆ ಇರುವುದು ದೊಡ್ಡ ನಗರದಲ್ಲಿರುವುದಕ್ಕಿಂತ ಹೆಚ್ಚು ಬೇಕಾದದ್ದು.

ಫಲಿತಾಂಶ

ಅರ್ಲಿ ಕಾಲೇಜುಗಳ ಪರಿಣಾಮವನ್ನು ಅಳೆಯಲು ಲಾಟರಿ ಒಳ್ಳೆಯ ಅವಕಾಶ ಒದಗಿಸಿತು. ಅರ್ಜಿ ಹಾಕಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದರೆ ಸಿಗುವ ವ್ಯತ್ಯಾಸ ಶಾಲೆಯದೇ ಎನ್ನಬಹುದು, ಏಕೆಂದರೆ ಎರಡೂ ಗುಂಪಿನವರ ಮನೆ, ಹಂಬಲ ಒಂದೇ ಬಗೆಯದು. ಅಮೆರಿಕನ್ ಇನ್‌ಸ್ಟಿಟ್ಯೂಟ್ಸ್ ಫಾರ್ ರಿಸರ್ಚ್ ಹತ್ತು ಶಾಲೆಗಳನ್ನು ಹೀಗೆ ಪರಿಶೀಲಿಸಿ 2013ರಲ್ಲಿ ವರದಿ ಕೊಟ್ಟಿತು. ಸೀಟು ಸಿಕ್ಕವರಲ್ಲಿ ಶೇ 86 ಮಂದಿ ಪ್ರೌಢಶಾಲೆ ಮುಗಿಸಿದ್ದರು, ಸಿಗದವರಲ್ಲಿ ಶೇ 81. ಕಾಲೇಜು ಸೇರಿದವರು ಶೇ 80 ಮತ್ತು ಶೇ 71. ಆ ಹೊತ್ತಿಗಾಗಲೇ ಪದವಿ ಪಡೆದವರು ಶೇ 22 ಮತ್ತು ಶೇ 2. ಅದೇ ಮಕ್ಕಳನ್ನು ಪ್ರೌಢಶಾಲೆಯ ನಂತರ ಆರು ವರ್ಷ ಹಿಂಬಾಲಿಸಿದ ಮುಂದಿನ ಅಧ್ಯಯನದಲ್ಲಿ ಕಾಲೇಜಿನ ಒಂದಲ್ಲ ಒಂದು ಪದವಿ ಪಡೆದವರು ಸೀಟು ಸಿಕ್ಕವರಲ್ಲಿ ಸುಮಾರು ಶೇ 45, ಸಿಗದವರಲ್ಲಿ ಸುಮಾರು ಶೇ 34. ಸಾಮಾನ್ಯ ಶಾಲೆಗಿಂತ ಅರ್ಲಿ ಕಾಲೇಜಿಗೆ ತಗಲುವ ಹೆಚ್ಚಿನ ವೆಚ್ಚ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಸುಮಾರು 950 ಡಾಲರ್. ಶಿಕ್ಷಣದ ಸುಧಾರಣೆಗಳಲ್ಲಿ ಇಷ್ಟು ಗಟ್ಟಿಯಾದ ಪುರಾವೆ ಸಿಕ್ಕುವುದು ಅಪರೂಪ.

ಆದರೆ ಈ ಅಂಕಿಗಳು ಎಲ್ಲ ಬಗೆಯ ಅರ್ಲಿ ಕಾಲೇಜುಗಳವು. ಆರೋಗ್ಯದ ಶಾಲೆಗಳಿಗೆ ಇವನ್ನು ಹಾಗೆಯೇ ಅಂಟಿಸುವುದು ತಪ್ಪು. ಇತಿಹಾಸ, ಸಮಾಜಶಾಸ್ತ್ರದ ಕ್ರೆಡಿಟ್‌ಗೆ ಬೇಕಾದ್ದು ಶಿಕ್ಷಕ ಮತ್ತು ಕೋಣೆ. ನರ್ಸಿಂಗ್‌ಗೆ ಬೇಕಾದ್ದು ಅದರ ಜೊತೆಗೆ ಹಾಸಿಗೆಯಲ್ಲಿ ಮಲಗಿದ ರೋಗಿ ಮತ್ತು ಪಕ್ಕದಲ್ಲಿ ನಿಂತ ಅನುಭವಿ ನರ್ಸು.

ತೊಡಕುಗಳು

ಮೊದಲ ತೊಡಕು ಸೀಟಿನದು. ಅಮೆರಿಕದ ನರ್ಸಿಂಗ್ ಕಾಲೇಜುಗಳು 2021ರಲ್ಲಿ ಅರ್ಹತೆಯಿದ್ದ ಸುಮಾರು 92 ಸಾವಿರ ಅರ್ಜಿಗಳನ್ನು ಹಿಂದಿರುಗಿಸಿದವು. ಪಾಠ ಹೇಳುವವರ ಕೊರತೆ, ವಾರ್ಡಿನಲ್ಲಿ ತರಬೇತಿಯ ಜಾಗದ ಕೊರತೆ ಇದಕ್ಕೆ ಮುಖ್ಯ ಕಾರಣ. ವಾರ್ಡಿನಲ್ಲಿ ದುಡಿಯುವ ನರ್ಸಿಗಿಂತ ಪಾಠ ಹೇಳುವ ನರ್ಸಿಗೆ ಹಲವು ಕಡೆ ಸಂಬಳ ಕಡಿಮೆ, ಹಾಗಿರುವಾಗ ಬೋಧನೆಗೆ ಯಾರು ಬರುತ್ತಾರೆ? ಪ್ರೌಢಶಾಲೆಯಲ್ಲೇ ಕಾಲೇಜು ಪಾಠ ಹೇಳಬೇಕಾದರೆ ಶಿಕ್ಷಕರಿಗೆ ಸ್ನಾತಕೋತ್ತರ ಪದವಿ, ಅದರಲ್ಲೂ ಆ ವಿಷಯದಲ್ಲಿ 18 ಕ್ರೆಡಿಟ್ ಇರಬೇಕೆಂದು ಮಾನ್ಯತಾ ಮಂಡಳಿಗಳು ಸಾಮಾನ್ಯವಾಗಿ ಕೇಳುತ್ತವೆ. ಹೀಗಾಗಿ ಎಷ್ಟೋ ಆರೋಗ್ಯ ಪ್ರೌಢಶಾಲೆಗಳು ಕೊನೆಗೆ ಕೊಡುವುದು ನರ್ಸಿಂಗ್ ಪದವಿಯನ್ನಲ್ಲ, ಸಾಮಾನ್ಯ ವಿಜ್ಞಾನದ ಅಸೋಸಿಯೇಟ್ ಪದವಿಯನ್ನು. ಅದನ್ನು ಹಿಡಿದು ನರ್ಸಿಂಗ್ ಕೋರ್ಸಿನ ಬಾಗಿಲಲ್ಲಿ ಮತ್ತೆ ಸರದಿ ನಿಲ್ಲಬೇಕು. ಅಷ್ಟರಲ್ಲಿ ನಾಲ್ಕೈದು ವರ್ಷ ಕಳೆದರೆ, ಅಂಗರಚನೆಯಂಥ ವಿಜ್ಞಾನ ಪಾಠಗಳ ಕ್ರೆಡಿಟ್ ಹಳತಾಯಿತೆಂದು ಕೆಲವು ಕಾಲೇಜುಗಳು ಒಪ್ಪುವುದಿಲ್ಲ.

ವಾರ್ಡಿನ ಜಾಗದ ಈ ಕೊರತೆ 2020ರ ಕೋವಿಡ್ ಕಾಲದಲ್ಲಿ ಇನ್ನೂ ಬಿಗಡಾಯಿಸಿತು. ಆಸ್ಪತ್ರೆಗಳು ವಿದ್ಯಾರ್ಥಿಗಳನ್ನು ಒಳಗೆ ಬಿಡಲಿಲ್ಲ, ತರಬೇತಿ ಪರದೆಯ ಮೇಲಿನ ವಿಡಿಯೊಗೆ ಇಳಿಯಿತು. ಅದೇ ಹೊತ್ತಿಗೆ ನರ್ಸಿಂಗ್ ಹೋಂಗಳಲ್ಲಿ ಕೈಗಳು ಸಾಲದೆ, 75 ಗಂಟೆಗಳ ನಿಯಮವನ್ನೇ ಫೆಡರಲ್ ಸರ್ಕಾರ ಎರಡು ವರ್ಷ ಸಡಿಲಿಸಿತ್ತು.

ಎಲ್ಲಕ್ಕಿಂತ ಗಂಭೀರ ಪ್ರಶ್ನೆ ಏಣಿಯ ಮೆಟ್ಟಿಲುಗಳದು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಂತೆ ನರ್ಸಿಂಗ್ ಅಸಿಸ್ಟೆಂಟ್‌ನ ಮಧ್ಯಮ ವರಮಾನ ವರ್ಷಕ್ಕೆ ಸುಮಾರು 38 ಸಾವಿರ ಡಾಲರ್, ನೋಂದಾಯಿತ ನರ್ಸಿನದು ಸುಮಾರು 86 ಸಾವಿರ. ರೋಗಿಯನ್ನು ಎತ್ತಿ, ಹೊರಳಿಸಿ, ಒರೆಸಿ ಸೊಂಟ ಬೀಳುವ ಕೆಲಸ ಮೊದಲನೆಯದು, ಮತ್ತು ಅದನ್ನು ಮಾಡುವವರಲ್ಲಿ ಕಪ್ಪು ಹಾಗೂ ವಲಸಿಗ ಮಹಿಳೆಯರ ಪಾಲು ಮೊದಲಿನಿಂದಲೂ ದೊಡ್ಡದು. ಆ ಸಮುದಾಯದ ಹುಡುಗಿಯನ್ನೇ ಶಾಲೆಗೆ ಕರೆದು, ಕಾಲೇಜಿನ ಕನಸು ತೋರಿಸಿ, ಹದಿನೆಂಟಕ್ಕೆ 38 ಸಾವಿರದ ಕೆಲಸ ಕೊಟ್ಟು ಕೈತೊಳೆದುಕೊಂಡರೆ ಅದು ಶಾಲೆಯ ಸೋಲು. ಮನೆಗೆ ಆ ಸಂಬಳ ತುರ್ತಾಗಿ ಬೇಕಿರುತ್ತದೆ, ರಾತ್ರಿ ಪಾಳಿ ಸೇರಿದವಳು ಓದಿಗೆ ಮರಳುವುದು ಕಷ್ಟ. ಆದುದರಿಂದ ಇಂಥ ಶಾಲೆಯನ್ನು ಅದು ಹಂಚಿದ ಪ್ರಮಾಣಪತ್ರಗಳ ಸಂಖ್ಯೆಯಿಂದ ಅಳೆಯಬಾರದು. ಅದರ ನರ್ಸಿಂಗ್ ಅಸಿಸ್ಟೆಂಟರಲ್ಲಿ ಎಷ್ಟು ಮಂದಿ ಐದು ವರ್ಷದ ಮೇಲೆ ನೋಂದಾಯಿತ ನರ್ಸು, ಉಸಿರಾಟ ಚಿಕಿತ್ಸಕ, ಪ್ರಯೋಗಾಲಯ ತಂತ್ರಜ್ಞ ಆಗಿದ್ದಾರೆ ಎಂದು ಕೇಳಬೇಕು. ಕೆಲಸಕ್ಕಿಟ್ಟುಕೊಂಡ ಆಸ್ಪತ್ರೆ ಮುಂದಿನ ಪದವಿಯ ಶುಲ್ಕ ಕೊಡುತ್ತದೆಯೇ, ಓದುವವರಿಗೆ ಪಾಳಿ ಹೊಂದಿಸಿಕೊಡುತ್ತದೆಯೇ ಎಂಬುದು ಒಪ್ಪಂದದ ಕಾಗದದಲ್ಲೇ ಇರಬೇಕಾದ ಮಾತು. ದತ್ತಿಯ ಹಣದಿಂದ ಈಗ ಹುಟ್ಟುತ್ತಿರುವ ಹೊಸ ಶಾಲೆಗಳಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು, ಏಕೆಂದರೆ ಅವುಗಳ ಘೋಷಿತ ಗುರಿಯೇ ಶಾಲೆಯಿಂದ ನೇರವಾಗಿ ಉದ್ಯೋಗಕ್ಕೆ ಕಳಿಸುವುದು.

ಹಣದ ಇನ್ನೊಂದು ಸಿಕ್ಕೂ ಇದೆ. ಬಡ ವಿದ್ಯಾರ್ಥಿಗಳಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಸಹಾಯಧನ ಪ್ರೌಢಶಾಲೆಯಲ್ಲಿ ಇನ್ನೂ ಓದುತ್ತಿರುವವರಿಗೆ ಸಿಗುವುದಿಲ್ಲ, ಇದಕ್ಕೆ ಹೊರತಾಗಿ 2016ರ ಸುಮಾರಿಗೆ ಒಂದು ಪ್ರಯೋಗ ನಡೆದದ್ದುಂಟು. ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ, ಆಸ್ಪತ್ರೆಗೆ ಹೋಗಿಬರುವ ವಾಹನ ಇವನ್ನೆಲ್ಲ ಯಾರಾದರೂ ಕೊಡಲೇಬೇಕು. ಬೆಳಗಿನ ಏಳಕ್ಕೆ ವಾರ್ಡಿನಲ್ಲಿರಬೇಕಾದ ಮಗುವಿಗೆ ಶಾಲಾ ಬಸ್ಸು ಸಿಗದಿದ್ದರೆ ಒಪ್ಪಂದಗಳೆಲ್ಲ ಕಾಗದದಲ್ಲೇ ಉಳಿಯುತ್ತವೆ.

ವೈದ್ಯನಾಗುವ ಆಸೆಯಿಂದ ಈ ಶಾಲೆ ಸೇರುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಅಮೆರಿಕದಲ್ಲಿ ನೆಲೆಸಿ ಮಕ್ಕಳನ್ನು ಡಾಕ್ಟರ್ ಮಾಡಬೇಕೆಂದಿರುವ ಕನ್ನಡಿಗ ತಂದೆತಾಯಿಗಳಿಗೂ ಇದು ಅನ್ವಯಿಸುತ್ತದೆ. ಹದಿನೈದರ ವಯಸ್ಸಿನಲ್ಲಿ ಪಡೆದ ಕಾಲೇಜು ಅಂಕವೂ ಕಾಲೇಜು ಅಂಕವೇ. ವೈದ್ಯಕೀಯ ಕಾಲೇಜುಗಳ ಒಕ್ಕೂಟದ ಅರ್ಜಿಯಲ್ಲಿ ಪ್ರೌಢಶಾಲೆಯಲ್ಲಿದ್ದಾಗ ತೆಗೆದುಕೊಂಡ ಕಾಲೇಜು ಪಾಠಗಳನ್ನೂ ಅವುಗಳ ಗ್ರೇಡನ್ನೂ ತಪ್ಪದೆ ನಮೂದಿಸಬೇಕು, ಸರಾಸರಿಯಲ್ಲಿ ಅವೂ ಸೇರುತ್ತವೆ. ಕೆಲವು ವೈದ್ಯಕೀಯ ಕಾಲೇಜುಗಳು ಜೀವಶಾಸ್ತ್ರ, ರಸಾಯನಶಾಸ್ತ್ರದ ಮೂಲ ಪಾಠಗಳನ್ನು ಕಮ್ಯುನಿಟಿ ಕಾಲೇಜಿಗಿಂತ ನಾಲ್ಕು ವರ್ಷದ ವಿಶ್ವವಿದ್ಯಾಲಯದಲ್ಲಿ ಓದಿರುವುದನ್ನು ಇಷ್ಟಪಡುತ್ತವೆ. ಟೆಕ್ಸಾಸಿನಂಥ ರಾಜ್ಯದಲ್ಲಿ 42 ಕ್ರೆಡಿಟ್‌ಗಳ ಮೂಲ ಪಠ್ಯವನ್ನು ಪೂರ್ತಿ ಮುಗಿಸಿದವರಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಅದನ್ನು ಇಡಿಯಾಗಿ ಒಪ್ಪಿಕೊಳ್ಳುತ್ತವೆ, ಆದರೆ ಬೇರೆ ರಾಜ್ಯಕ್ಕೆ ಅಥವಾ ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋದರೆ ಆ ಭರವಸೆಯಿಲ್ಲ. ಹಾಗಾಗಿ 10ನೆಯ ತರಗತಿಯಲ್ಲಿ ಪಾಠಗಳನ್ನು ಆರಿಸುವಾಗಲೇ ಶಾಲೆಯ ಸಲಹೆಗಾರರ ಜೊತೆ ಕೂತು, ಭಾಷೆ, ಮನೋವಿಜ್ಞಾನ, ಗಣಿತದ ಕ್ರೆಡಿಟ್‌ಗಳನ್ನು ಮೊದಲು ಪಡೆದು, ಭಾರವಾದ ವಿಜ್ಞಾನ ಪಾಠಗಳಿಗೆ ಮಗು ನಿಜವಾಗಿ ಸಿದ್ಧವಾದ ಮೇಲೆ ಕೈಹಾಕುವುದು ವಾಡಿಕೆಯಲ್ಲಿರುವ ಸುರಕ್ಷಿತ ಕ್ರಮ.